ಬೋರ್ಡಿನ ಮೇಲೆ ಓರೆಯಾದ ಕನ್ನಡ

ಹಾಸನದ ಬಿ.ಎಂ. ರಸ್ತೆಯ ಅಂಗಡಿಯಾಗಲಿ, ಚಿಕ್ಕಮಗಳೂರಿನ ಕಾಫಿಪುಡಿ ಪೊಟ್ಟಣವಾಗಲಿ, ಇಂಗ್ಲಿಷ್ ಲೋಗೊ ದಪ್ಪಗೆ ಬಲಕ್ಕೆ ವಾಲಿದ್ದರೆ ಕನ್ನಡವೂ ಹಾಗೇ ಇರಬೇಕೆಂದು ಮಾಲೀಕರು ಕೇಳುತ್ತಾರೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿ ಬಂದ ಮೇಲೆ ಕನ್ನಡ ದೊಡ್ಡದಾಗಬೇಕಾಯಿತು. ದೊಡ್ಡದಾದಷ್ಟೂ ಅಕ್ಷರದ ಊನ ಎದ್ದು ಕಾಣುತ್ತದೆ. ಕಾಯ್ದೆ ಅಳೆಯುವುದು ಪ್ರಮಾಣವನ್ನು, ಅಕ್ಷರದ ಅಂದವನ್ನಲ್ಲ.

ಓರೆ ಅಕ್ಷರ ರೋಮನ್ ಲಿಪಿಗೆ ಬಂದದ್ದು 1501ರ ಹೊತ್ತಿಗೆ, ವೆನಿಸ್‌ನ ಆಲ್ಡಸ್ ಮನುಟಿಯಸ್‌ನ ಮುದ್ರಣಾಲಯದಿಂದ. ಕನ್ನಡದ ಅಚ್ಚುಮೊಳೆಗಳಿಗೆ ಆ ಪರಂಪರೆ ಇರಲಿಲ್ಲ. ಒತ್ತಿ ಹೇಳಬೇಕಾದಲ್ಲಿ ದಪ್ಪ ಅಕ್ಷರವೋ ಉದ್ಧರಣ ಚಿಹ್ನೆಯೋ ಸಾಕಾಗುತ್ತಿತ್ತು. ಬೋರ್ಡು ಬರೆಯುವ ಕಲಾವಿದರು ಮಾತ್ರ ಲಾರಿ, ಬಸ್ಸು, ಗೋಡೆಗಳ ಮೇಲೆ ಓರೆಯಾಗಿ ಬರೆದರು. ಕುಂಚ ಕೈಯಲ್ಲಿದ್ದುದರಿಂದ ಅಕ್ಷರ ವಾಲಿಸಿದರೂ ಒತ್ತಕ್ಷರವನ್ನು ಅದರ ಜಾಗದಲ್ಲೇ ಕೂರಿಸಬಹುದಿತ್ತು.

ಕಂಪ್ಯೂಟರ್ ಬಂದಾಗ ಆ ವಿವೇಚನೆ ಕೈತಪ್ಪಿತು. ಬರಹ, ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಒಂದು ಅಕ್ಷರವೆಂದರೆ ಹಲವು ತುಂಡುಗಳ ಜೋಡಣೆ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದರೆ ಒತ್ತು, ದೀರ್ಘ ದೂರ ಸರಿಯುತ್ತಿದ್ದವು. ತುಂಡುಗಳು ಒಂದರ ಮೇಲೊಂದು ಕೂತಿದ್ದರಿಂದ, ವೆಲ್ಡ್ ಮಾಡದೆ (ತುಂಡುಗಳನ್ನು ಬೆಸೆದು ಒಂದೇ ಆಕಾರವಾಗಿಸದೆ) ಕತ್ತರಿಸುವ ಯಂತ್ರವಾದ ಪ್ಲಾಟರ್‌ಗೆ ಕಳಿಸಿದರೆ, ಅಂಟಿಸುವ ವಿನೈಲ್ ಹಾಳೆ ಅಕ್ಷರದ ನಡುವೆಯೇ ಕತ್ತರಿಸಿಹೋಗುತ್ತಿತ್ತು. ಯೂನಿಕೋಡ್ ಫಾಂಟುಗಳು ಜೋಡಣೆಯ ಕಷ್ಟ ನೀಗಿಸಿದವು. ಓರೆಯ ಕಷ್ಟ ಹಾಗೇ ಉಳಿಯಿತು.

ಫಾಂಟಿನಲ್ಲಿ ಓರೆ ರೂಪ ಇಲ್ಲದಿದ್ದಾಗ ಇಟಾಲಿಕ್‌ನ (ಓರೆ ಅಕ್ಷರದ) ‘I’ ಗುಂಡಿ ಒತ್ತಿದರೆ ತಂತ್ರಾಂಶ ಇಡೀ ಪದವನ್ನು ಅಕ್ಷರಗಳು ಕೂರುವ ತಳರೇಖೆಯ ಮೇಲೆ ಯಾಂತ್ರಿಕವಾಗಿ ವಾಲಿಸುತ್ತದೆ. ‘ಚಿಕ್ಕಮಗಳೂರು’ ಎಂದು 100 ಮಿ.ಮೀ. ಎತ್ತರಕ್ಕೆ ಬರೆದು, ಒತ್ತು ಕೆಳಗೆ 60 ಮಿ.ಮೀ. ಇಳಿದಿದೆ ಎನ್ನಿ. 15 ಡಿಗ್ರಿ ವಾಲಿಸಿದರೆ ‘ಕ’ದ ನೆತ್ತಿ ಸುಮಾರು 27 ಮಿ.ಮೀ. ಬಲಕ್ಕೆ, ಒತ್ತಿನ ಬುಡ 16 ಮಿ.ಮೀ. ಎಡಕ್ಕೆ ಹೋಗುತ್ತದೆ. ಒತ್ತು ತನ್ನ ಅಕ್ಷರದಿಂದ ಕಳಚಿಕೊಂಡಂತೆ ಕಾಣುವುದು ಅದಕ್ಕೇ. ‘ಹಾಸನ’ಕ್ಕೆ ಒತ್ತಿಲ್ಲ, ಆದರೂ ಅದು ಪಾರಾಗುವುದಿಲ್ಲ: ಬಲಕ್ಕೆ ಏರುವ ತಲೆಕಟ್ಟಿನ ಗೆರೆ ಉದ್ದವಾಗಿ, ತೆಳ್ಳಗಾಗಿ ಪಕ್ಕದ ಅಕ್ಷರಕ್ಕೆ ತಗಲುತ್ತದೆ. ದುಂಡನೆಯ ಹೊಟ್ಟೆಗಳು ಮೇಲಿನ ಬಲ ಮತ್ತು ಕೆಳಗಿನ ಎಡ ಮೂಲೆಯಲ್ಲಿ ಊದಿಕೊಂಡು, ಉಳಿದೆರಡು ಮೂಲೆಯಲ್ಲಿ ಸೊರಗುತ್ತವೆ.

ದಪ್ಪದ ವಿಷಯ ಇನ್ನೂ ಸೂಕ್ಷ್ಮ. ದಪ್ಪಗಾಗಲೆಂದು ಅಕ್ಷರದ ಸುತ್ತ 2 ಮಿ.ಮೀ. ಔಟ್‌ಲೈನ್ ಕೊಟ್ಟರೆ ಅದರಲ್ಲಿ 1 ಮಿ.ಮೀ. ಹೊರಕ್ಕೆ ಚಾಚುತ್ತದೆ. ‘ಧ’, ‘ಭ’ಗಳ ಬುಡದಲ್ಲಿರುವ ಸೀಳು 2 ಮಿ.ಮೀ. ಇದ್ದರೆ ಎರಡೂ ಕಡೆಯಿಂದ ಮುಚ್ಚಿಹೋಗುತ್ತದೆ. ಧನ ದನವಾಗಿ ಬೋರ್ಡು ಏರುತ್ತದೆ.

ಈಗ ತಿರೋ ಕನ್ನಡ ಎಂಬ ಫಾಂಟಿಗೆ ಇಟಾಲಿಕ್ ಇದೆ, ಆದರೆ ಅದು ಓದುವ ಪಠ್ಯಕ್ಕೆ ಒಗ್ಗುವ ಅಕ್ಷರ. ಬೋರ್ಡಿಗೆ ಬೇಕಾದ ದಪ್ಪ ಬಾಲೂ ತಮ್ಮ, ಅನೇಕ್ ಕನ್ನಡ ಫಾಂಟುಗಳಲ್ಲಿ ಸಿಗುತ್ತದೆ, ಓರೆ ರೂಪ ಇಲ್ಲ. ಓರೆಯೇ ಬೇಕೆಂದು ಹಟ ಹಿಡಿದವರಿಗೆ ದಾರಿ ಹೀಗೆ: ಅನೇಕ್‌ನ ಎಕ್ಸ್‌ಟ್ರಾ ಬೋಲ್ಡ್ ನೆಟ್ಟಗಿನ ರೂಪವನ್ನೇ ಹಾಕಿ, ಕರ್ವ್ಸ್‌ಗೆ (ತಿದ್ದಬಹುದಾದ ಗೆರೆಗಳಿಗೆ) ಬದಲಿಸಿ, 8ರಿಂದ 10 ಡಿಗ್ರಿಗಿಂತ ಹೆಚ್ಚು ವಾಲಿಸಬೇಡಿ. ಆಮೇಲೆ ಒತ್ತುಗಳನ್ನು ಬಿಡಿಸಿ ಬಲಕ್ಕೆ ಸರಿಸಿ, ತಲೆಕಟ್ಟು ಮೊಟಕು ಮಾಡಿ, ಊದಿದ ಮೂಲೆಗಳನ್ನು ಕೈಯಿಂದ ತಿದ್ದಿ, ವೆಲ್ಡ್ ಮಾಡಿ. ಬೋರ್ಡಿನ ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್) ಶೀಟು ಕೊರೆಯುವ ಮೊದಲು ಕಾಗದದಲ್ಲಿ ಪೂರ್ಣ ಅಳತೆಯ ಪ್ರಿಂಟ್ ತೆಗೆದು, ರಸ್ತೆಯ ಆಚೆ ಬದಿಯಿಂದ ಸೀಳುಗಳು ಕಾಣುತ್ತವೆಯೇ ಎಂದು ನೋಡಿ.