ಹೊಸ ಗೇಮ್ ಕನ್ಸೋಲ್: ಮೊದಲ ತಿಂಗಳು ಜೋಪಾನ ಬೇಡ, ದುಡಿಸಿ

ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 4 ಉತ್ತರ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 2013ರ ನವೆಂಬರ್ 15ರಂದು. ಮೊದಲ 24 ಗಂಟೆಯಲ್ಲೇ ಹತ್ತು ಲಕ್ಷ ಖರ್ಚಾದವು. ಬೆನ್ನಿಗೇ ದೂರುಗಳೂ ಬಂದವು: ನೀಲಿ ದೀಪ ಮಿಣುಕುತ್ತಲೇ ಇರುತ್ತದೆ, ಬಿಳಿಗೆ ತಿರುಗುವುದಿಲ್ಲ, ಟಿವಿಯಲ್ಲಿ ಏನೂ ಮೂಡುವುದಿಲ್ಲ. ಆವರೆಗೆ ಕಳಿಸಿದ ಯಂತ್ರಗಳಲ್ಲಿ ತೊಂದರೆ ಕಂಡದ್ದು ಶೇ 0.4ಕ್ಕಿಂತ ಕಡಿಮೆ ಎಂದು ಸೋನಿ ಹೇಳಿತು. ಆ ಲೆಕ್ಕವನ್ನೇ ಹಿಡಿದರೂ ಹತ್ತು ಲಕ್ಷಕ್ಕೆ ನಾಲ್ಕು ಸಾವಿರದ ಹತ್ತಿರ ಆಯಿತು. ಅಷ್ಟು ಜನ ಒಂದೇ ವಾರದಲ್ಲಿ ದೂರಿದರೆ ಇಡೀ ಮಾದರಿಯೇ ಹಾಳು ಎಂಬಂತೆ ಕೇಳಿಸುತ್ತದೆ. ಹಾಗಾಗಿ ಗದ್ದಲ ಎಷ್ಟಿದೆ ಎಂಬುದರಿಂದ ಏನೂ ತಿಳಿಯದು. ಯಂತ್ರ ಎಷ್ಟು ದಿನಕ್ಕೆ ಕೆಟ್ಟಿತು, ಯಾವ ಭಾಗದಲ್ಲಿ ಕೆಟ್ಟಿತು ಎಂಬುದನ್ನು ನೋಡಬೇಕು.

ಎಲೆಕ್ಟ್ರಾನಿಕ್ ವಸ್ತುಗಳ ಕೆಡುವಿಕೆಯನ್ನು ಕಾಲಕ್ಕೆ ತಕ್ಕಂತೆ ಗೆರೆ ಎಳೆದರೆ ಅದು ಸ್ನಾನದ ತೊಟ್ಟಿಯ ಆಕಾರಕ್ಕೆ ಬರುತ್ತದೆ. ಆ ಗೆರೆಗೆ ಇರುವ ಹೆಸರೂ ಅದೇ. ಶುರುವಿನಲ್ಲಿ ಎತ್ತರ, ನಡುವೆ ವರ್ಷಗಟ್ಟಲೆ ಸಮತಟ್ಟು, ಕೊನೆಯಲ್ಲಿ ಸವೆತದಿಂದ ಮತ್ತೆ ಏರಿಕೆ. ಶುರುವಿನ ಏರು ಜೋಡಣೆಯ ತಪ್ಪುಗಳದ್ದು: ಅರೆಬರೆ ಹಿಡಿದ ಬೆಸುಗೆ, ಪೂರ್ತಿ ಕೂರದ ರಿಬ್ಬನ್ ಕೇಬಲ್, ರೆಕ್ಕೆಗೆ ತಾಗುವ ಫ್ಯಾನ್ ವೈರು, ಬಗ್ಗಿದ ಪಿನ್ನು. ಪ್ಲೇಸ್ಟೇಷನ್ 4ರ ಮೊದಲ ಯಂತ್ರಗಳಲ್ಲಿ ಕೆಲವಕ್ಕೆ ಎಚ್‌ಡಿಎಂಐ (ಟಿವಿಗೆ ಚಿತ್ರ, ಸದ್ದು ಕಳಿಸುವ ಜೋಡಣೆ) ಪೋರ್ಟಿನೊಳಗಿನ ಲೋಹದ ಪಟ್ಟಿಯೇ ಬಗ್ಗಿತ್ತು. ವಾರದ ನಂತರ ಬಂದ, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಕೆಲವು ಡಿಸ್ಕ್ ಡ್ರೈವ್‌ಗಳು ಕರಕರ ಸದ್ದು ಮಾಡಿ ಡಿಸ್ಕ್ ಓದುತ್ತಿರಲಿಲ್ಲ. 2017ರ ಮಾರ್ಚ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್‌ನ ಎಡಗೈ ಕಂಟ್ರೋಲರ್ ‘ಜಾಯ್-ಕಾನ್’ ನಡುನಡುವೆ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಕೆಲವು ಕಂಟ್ರೋಲರ್‌ಗಳ ತಯಾರಿಕೆಯಲ್ಲಾದ ವ್ಯತ್ಯಾಸ ಇದಕ್ಕೆ ಕಾರಣ, ಕಾರ್ಖಾನೆಯಲ್ಲೇ ಸರಿಪಡಿಸಿದ್ದೇವೆ ಎಂದು ನಿಂಟೆಂಡೊ ಒಪ್ಪಿತು. ರಿಪೇರಿಗೆ ಹೋಗಿ ಬಂದ ಜಾಯ್-ಕಾನ್ ತೆರೆದವರಿಗೆ ಒಳಗೆ ಕಂಡದ್ದು ವಿದ್ಯುತ್ ಹರಿಸುವ ಸ್ಪಂಜಿನ ಒಂದು ಚಿಕ್ಕ ತುಂಡು, ಅಷ್ಟೇ.

ಇಂಥವು ಬೇಗ ಹೊರಬೀಳುತ್ತವೆ, ಬದಲಿ ಯಂತ್ರದಿಂದ ಮುಗಿಯುತ್ತವೆ. ನಿಜವಾಗಿ ಹೆದರಬೇಕಾದ್ದು ವಿನ್ಯಾಸದಲ್ಲೇ ಇರುವ ದೌರ್ಬಲ್ಯಕ್ಕೆ. ಅದು ಮೊದಲ ವಾರ ತಲೆ ಹಾಕುವುದಿಲ್ಲ.

ಎಕ್ಸ್‌ಬಾಕ್ಸ್ 360 ಇದಕ್ಕೆ ತಕ್ಕ ಉದಾಹರಣೆ. 2005ರ ನವೆಂಬರ್‌ನಲ್ಲಿ ಬಂತು; ಪವರ್ ಬಟನ್ ಸುತ್ತ ಮೂರು ಕೆಂಪು ದೀಪ ಉರಿದು ಸಾಯುವ ಯಂತ್ರಗಳು ತಿಂಗಳು ಕಳೆದಂತೆ ಹೆಚ್ಚುತ್ತ ಹೋದವು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಈ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, 105ರಿಂದ 115 ಕೋಟಿ ಡಾಲರ್ ತೆಗೆದಿರಿಸಿತು. ಒಳಗಿನ ಘಟಕದ ಸೂಕ್ಷ್ಮ ಸಂಪರ್ಕಗಳು ಬಿಸಿ-ತಂಪಿನ ಏರಿಳಿತಕ್ಕೆ ಮುರಿಯುತ್ತಿದ್ದವು ಎಂದು 2021ರಲ್ಲಿ ಕಂಪನಿ ತನ್ನದೇ ಸಾಕ್ಷ್ಯಚಿತ್ರದಲ್ಲಿ ಬಿಡಿಸಿ ಹೇಳಿತು. (ನಾಲ್ಕೂ ದೀಪ ಕೆಂಪಾದರೆ ಇನ್ನೂ ದೊಡ್ಡ ಅನಾಹುತ ಅನಿಸುತ್ತಿತ್ತು; ಅದು ಬರೀ ವಿಡಿಯೊ ಕೇಬಲ್ ಸರಿಯಾಗಿ ಕೂತಿಲ್ಲ ಎಂಬ ಸೂಚನೆ.)

ಏರಿಳಿತದಿಂದ ಹೇಗೆ ಮುರಿಯುತ್ತದೆ? ಚಿಪ್ ಮಾಡಿರುವ ಸಿಲಿಕಾನ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ ಸುಮಾರು 2.6 ಪಾಲು ಹಿಗ್ಗುತ್ತದೆ. ಅದು ಕೂತಿರುವ ತಳಪದರ ಹಿಗ್ಗುವುದು 15ರ ಆಸುಪಾಸು. ಚಿಪ್ಪಿನ ನಡುವಿನಿಂದ ಅಂಚಿಗೆ 7 ಮಿಲಿಮೀಟರ್, ಬಿಸಿಯ ಏರಿಳಿತ 60 ಡಿಗ್ರಿ ಎಂದಿಟ್ಟುಕೊಳ್ಳಿ. ಎರಡರ ಹಿಗ್ಗುವಿಕೆಯ ಅಂತರ 5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಾಟುತ್ತದೆ. ಇವನ್ನು ಜೋಡಿಸುವ ಬೆಸುಗೆಯ ಗುಬುಟುಗಳ ಎತ್ತರವೇ 100 ಮೈಕ್ರಾನ್ ಆಸುಪಾಸು. ಆನ್ ಮಾಡಿದಾಗ ಒಂದು ಕಡೆ ಎಳೆತ, ಆಫ್ ಮಾಡಿದಾಗ ಇನ್ನೊಂದು ಕಡೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋದರೆ ತುಂಡಾಗುವಂತೆ ಇದೂ ನೂರಾರು ಸಲದ ನಂತರ ಬಿರುಕು ಬಿಡುತ್ತದೆ. ಚಿಪ್ಪಿನ ಕೆಳಗೆ ತುಂಬುವ ಅಂಟು ಎಳೆತವನ್ನು ಹಂಚಿಕೊಳ್ಳಲೆಂದೇ ಇರುವುದು. ಬಿಸಿಗೆ ಅದು ಮೆತ್ತಗಾದರೆ ಭಾರವೆಲ್ಲ ಗುಬುಟುಗಳ ಮೇಲೆ. ಸತತ ಬಿಸಿಗಿಂತ ದಿನಕ್ಕೆ ಹತ್ತು ಸಲ ಆನ್-ಆಫ್ ಮಾಡುವುದು ಹೆಚ್ಚು ಕೆಡುಕು ಮಾಡುವುದು ಇದಕ್ಕೇ.

ಟವೆಲ್ ಸುತ್ತಿ ಇಪ್ಪತ್ತು ನಿಮಿಷ ಬಿಸಿ ಮಾಡಿದರೆ ಸತ್ತ 360 ಏಳುತ್ತದೆ ಎಂಬ ಉಪಾಯ ಆಗ ಎಲ್ಲೆಡೆ ಓಡಾಡಿತು. ಕೆಲವು ಎದ್ದದ್ದೂ ನಿಜ. ಆದರೆ ಬೆಸುಗೆ ಕರಗಿ ಕೂಡಿಕೊಂಡದ್ದರಿಂದಲ್ಲ. ಸೀಸವಿಲ್ಲದ ಸಾಮಾನ್ಯ ಬೆಸುಗೆ ಕರಗಲು 217 ಡಿಗ್ರಿ ಬೇಕು. ಹಳೆಯ ತವರ-ಸೀಸದ ಬೆಸುಗೆಗೂ 183. ಟವೆಲಿನೊಳಗೆ ಆ ಬಿಸಿ ಹುಟ್ಟುವುದಿಲ್ಲ. ಹಿಗ್ಗಿದಾಗ ಬಿರುಕಿನ ಎರಡು ಮುಖ ಒಂದಕ್ಕೊಂದು ತಾಗುತ್ತವೆ, ಕೆಲವು ದಿನದಲ್ಲಿ ಮತ್ತೆ ಬೇರೆಯಾಗುತ್ತವೆ. ಓವನ್ನಿನಲ್ಲಿ ಬೋರ್ಡ್ ಇಡುವುದೂ ಇದೇ ಕತೆ; ಜೊತೆಗೆ ಕೆಪಾಸಿಟರ್‌ಗಳು ಊದಿಕೊಳ್ಳುತ್ತವೆ. ಬೋರ್ಡ್ ಬೇಯಿಸಿ ‘ರಿಪೇರಿ’ ಮಾಡಿ ಮಾರುವವರಿಂದ ಯಂತ್ರ ಕೊಳ್ಳಬೇಡಿ.

ಹೊಸ ಯಂತ್ರ ಕೈಗೆ ಬಂದಾಗ ಹಲವರು ಅದನ್ನು ಮುಟ್ಟಿದರೆ ಮಾಸುತ್ತದೆ ಎಂಬಂತೆ ನೋಡಿಕೊಳ್ಳುತ್ತಾರೆ. ನನ್ನ ಸಲಹೆ ಅದಕ್ಕೆ ತದ್ವಿರುದ್ಧ. ಅಂಗಡಿಯವರು ಬದಲಿ ಕೊಡುವ ಅವಧಿ ಮುಗಿಯುವುದರೊಳಗೆ, ಕೆಡುವುದಿದ್ದರೆ ಈಗಲೇ ಕೆಡಲಿ ಎಂದು ದುಡಿಸಿ.

ಚಳಿಯಿಂದ ಒಳಗೆ ತಂದ ಪೆಟ್ಟಿಗೆಯನ್ನು ಎರಡು-ಮೂರು ಗಂಟೆ ಹಾಗೇ ಬಿಟ್ಟು ಆನ್ ಮಾಡಿ. ಒಳಗೆ ತೇವ ಕಟ್ಟಿರಬಹುದು. ಪ್ಲಗ್ ನೇರ ಗೋಡೆಯ ಸಾಕೆಟ್ಟಿಗೆ, ಎಚ್‌ಡಿಎಂಐ ಕೇಬಲ್ ಪೆಟ್ಟಿಗೆಯಲ್ಲಿ ಬಂದದ್ದೇ. ಸುತ್ತಲೂ 10-15 ಸೆಂಟಿಮೀಟರ್ ಜಾಗ. ಸಿಸ್ಟಂ ಅಪ್‌ಡೇಟ್ ಮುಗಿಸಿ, ಭಾರದ ಗ್ರಾಫಿಕ್ಸ್ ಇರುವ ಆಟವೊಂದನ್ನು ಮೂರು-ನಾಲ್ಕು ಗಂಟೆ ಬಿಡದೆ ಓಡಿಸಿ, ಪೂರ್ತಿ ಆಫ್ ಮಾಡಿ ಒಂದು ಗಂಟೆ ತಣ್ಣಗಾಗಲು ಬಿಡಿ, ಮತ್ತೆ ಓಡಿಸಿ. ಮೊದಲ ವಾರ ಇಂಥ ಏಳೆಂಟು ಸುತ್ತು ಸಾಕು. ಮಧ್ಯೆ, ಯಂತ್ರ ಪೂರ್ತಿ ಆಫ್ ಆಗದೆ ಮಲಗಿರುವ ರೆಸ್ಟ್ ಮೋಡ್‌ನಲ್ಲಿ ರಾತ್ರಿಯಿಡೀ ಡೌನ್‌ಲೋಡ್ ಬಿಟ್ಟು ಬೆಳಿಗ್ಗೆ ಸರಿಯಾಗಿ ಏಳುತ್ತದೆಯೇ ನೋಡಿ. 2020ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 5 ಕೈಕೊಟ್ಟ ದೂರುಗಳಲ್ಲಿ ಹಲವು ಈ ಘಟ್ಟದವು. ಡಿಸ್ಕ್ ಡ್ರೈವ್ ಇದ್ದರೆ ಒಂದು ಆಟ ಪೂರ್ತಿ ಇನ್‌ಸ್ಟಾಲ್ ಮಾಡಿ. ಪ್ರತಿ ಯುಎಸ್‌ಬಿ ಪೋರ್ಟಿಗೂ ಏನಾದರೂ ಚುಚ್ಚಿ. ಸ್ಟೋರೇಜನ್ನು ಶೇ 80-90ರವರೆಗೆ ತುಂಬಿಸಿ, ಏಕೆಂದರೆ ಕೆಟ್ಟ ಭಾಗ ಖಾಲಿ ಜಾಗದಲ್ಲಿ ಅಡಗಿರಬಹುದು.

ತೊಂದರೆ ಕಂಡರೆ ಅದರ ಲಕ್ಷಣ ಹಿಡಿಯಿರಿ. ಬಿಸಿ ಹೆಚ್ಚಾದ ಕನ್ಸೋಲ್ ಸಾಮಾನ್ಯವಾಗಿ ಪರದೆಯ ಮೇಲೆ ಎಚ್ಚರಿಕೆ ತೋರಿಸಿ ನಿಲ್ಲುತ್ತದೆ. ಆಟದ ಮಧ್ಯೆ ಸದ್ದಿಲ್ಲದೆ ಪಟ್ಟನೆ ಆಫ್ ಆದರೆ ಮೊದಲ ಅನುಮಾನ ಪವರ್ ಸಪ್ಲೈ ಮೇಲೆ. ಆಟ ನಡೆಯುತ್ತಲೇ ಇದ್ದು ಪರದೆ ಕೆಲವು ಸೆಕೆಂಡ್ ಕಪ್ಪಾಗುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಚಿತ್ರದ ವೇಗವನ್ನು 120 ಹರ್ಟ್ಸ್ (ಸೆಕೆಂಡಿಗೆ ಇಷ್ಟು ಚಿತ್ರ) ಬಿಟ್ಟು 60ಕ್ಕೆ ಇಳಿಸಿ; ಕಪ್ಪಾಗುವುದು ನಿಂತರೆ ಕೇಬಲ್ ಅಥವಾ ಟಿವಿಯ ಪೋರ್ಟ್ ನೋಡಿ, ಕನ್ಸೋಲನ್ನು ಬೈಯಬೇಡಿ. ಚಿತ್ರವೇ ಬರದಿದ್ದರೆ ಸೇಫ್ ಮೋಡ್: ಪ್ಲೇಸ್ಟೇಷನ್ 4, 5ರಲ್ಲಿ ಪೂರ್ತಿ ಆಫ್ ಮಾಡಿ ಪವರ್ ಬಟನ್ ಒತ್ತಿಹಿಡಿದರೆ ಏಳು ಸೆಕೆಂಡಿಗೆ ಎರಡನೇ ಬೀಪ್ ಬರುತ್ತದೆ, ಆಗ ಬಿಟ್ಟು ಕಂಟ್ರೋಲರನ್ನು ಕೇಬಲ್‌ನಲ್ಲಿ ಜೋಡಿಸಿ. ಡೇಟಾಬೇಸ್ ಮರುಕಟ್ಟುವ ಆಯ್ಕೆ ಮೊದಲು; ಎಲ್ಲ ಅಳಿಸುವ ಆಯ್ಕೆ ಕಡೆಯಲ್ಲಿ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ ಪೇರ್ (ಕಂಟ್ರೋಲರ್ ಜೋಡಿಸುವ) ಮತ್ತು ಇಜೆಕ್ಟ್ (ಡಿಸ್ಕ್ ಹೊರತಳ್ಳುವ) ಬಟನ್ ಹಿಡಿದು ಪವರ್ ಒತ್ತಬೇಕು. ಸೀರೀಸ್ ಎಸ್‌ನಲ್ಲಿ ಇಜೆಕ್ಟ್ ಇಲ್ಲ, ಪೇರ್ ಒಂದೇ ಸಾಕು.

ಸದ್ದಿನ ವಿಷಯಕ್ಕೆ ಬಂದರೆ, ಆಟದ ದೃಶ್ಯ ಬದಲಾದಂತೆ ಏರಿಳಿಯುವ ಸಣ್ಣ ಕೀಚಲು ಕಾಯಿಲ್‌ಗಳದ್ದು. ಕಿರಿಕಿರಿಯೇ ಹೊರತು ಕಾಯಿಲೆಯಲ್ಲ. ಯಂತ್ರವನ್ನು ನಿಲ್ಲಿಸಿದಾಗ ಒಂದು, ಮಲಗಿಸಿದಾಗ ಇನ್ನೊಂದು ಸದ್ದು ಬಂದರೆ ಫ್ಯಾನ್ ಬೇರಿಂಗ್, ಇಲ್ಲವೇ ರೆಕ್ಕೆಗೆ ಏನೋ ತಾಗುತ್ತಿದೆ. ಇದನ್ನು ಬದಲಿಸಿಕೊಳ್ಳಿ.

ವಿಡಿಯೊಗಳನ್ನೆಲ್ಲ ನಂಬಲೂಬೇಡಿ. 2020ರಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಿಂದ ಹೊಗೆ ಬರುವ ದೃಶ್ಯಗಳು ಹರಿದಾಡಿದಾಗ, ದಯವಿಟ್ಟು ವೇಪ್ (ಇ-ಸಿಗರೇಟ್) ಹೊಗೆಯನ್ನು ಕನ್ಸೋಲ್ ಒಳಗೆ ಊದಬೇಡಿ ಎಂದು ಕಂಪನಿಯೇ ಹೇಳಬೇಕಾಯಿತು.

ವಾರಂಟಿ ಇರುವವರೆಗೆ ಯಂತ್ರದ ಒಳಭಾಗಗಳನ್ನು ಬಿಚ್ಚಬೇಡಿ. ಪ್ಲೇಸ್ಟೇಷನ್ 5ರ ಮುಖ್ಯ ಚಿಪ್ಪಿನ ಮೇಲೆ, ಬಿಸಿಯನ್ನು ಹೀಟ್‌ಸಿಂಕ್ ಎಂಬ ಲೋಹದ ತಂಪುಕಾರಕಕ್ಕೆ ಸಾಗಿಸಲು ಇರುವುದು ದ್ರವಲೋಹ; ಹೀಟ್‌ಸಿಂಕ್ ಎತ್ತಿ ಅದು ಬೋರ್ಡಿನ ಮೇಲೆ ಹರಡಿದರೆ ಶಾರ್ಟ್ ಆಗುತ್ತದೆ, ಆಮೇಲೆ ವಾರಂಟಿ ಕೇಳುವಂತೆಯೂ ಇಲ್ಲ. ಅದರ ಬದಲು ದೋಷ ಕಾಣುವ ಕ್ಷಣವನ್ನು ದೀಪ, ಪರದೆ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಚಿತ್ರೀಕರಿಸಿ, ಎರರ್ ಕೋಡ್ ಬರೆದಿಡಿ, ಸೀರಿಯಲ್ ನಂಬರ್ ಮತ್ತು ಬಿಲ್ಲಿನ ಫೋಟೊ ತೆಗೆಯಿರಿ. ಕಳಿಸುವ ಮುನ್ನ ಸೇವ್ ಫೈಲ್‌ಗಳನ್ನು ಕ್ಲೌಡ್‌ಗೆ ಏರಿಸಿ, ಡಿಸ್ಕ್ ಹೊರತೆಗೆಯಿರಿ, ನೀವೇ ಹಾಕಿದ ಹೆಚ್ಚುವರಿ ಎಸ್‌ಎಸ್‌ಡಿ ಇದ್ದರೆ ಬಿಚ್ಚಿಟ್ಟುಕೊಳ್ಳಿ. ನಿಮ್ಮ ಯಂತ್ರವೇ ವಾಪಸು ಬರುತ್ತದೆಂಬ ಖಾತ್ರಿಯಿಲ್ಲ. ಬದಲಿಗೆ ಬೇರೆ ಯಂತ್ರ ಬಂದರೆ ಅದಕ್ಕೂ ಮೊದಲ ವಾರದ ಅದೇ ಸುತ್ತುಗಳನ್ನು ಮಾಡಿಸಿ.