ಕಪ್ಪು ಕಲೆ ಸಿಕ್ಕಿತು, ಆಮೇಲೆ?

1833. ಇಂಗ್ಲೆಂಡಿನಲ್ಲಿ ಒಬ್ಬ ಮುದುಕ ಕಾಫಿ ಕುಡಿದು, ವಾಂತಿ ಹೊಟ್ಟೆನೋವಿನಿಂದ ನರಳಿ ಸತ್ತ. ಅನುಮಾನ ಹೋದದ್ದು ಮೊಮ್ಮಗನ ಮೇಲೆ. ಪಾಷಾಣ ಬೆರೆಸಿದ್ದಾನಾ ನೋಡಿ ಎಂದು ಆ ಕಾಫಿಯನ್ನು ಜೇಮ್ಸ್ ಮಾರ್ಷ್ ಎಂಬ ರಸಾಯನಶಾಸ್ತ್ರಜ್ಞನ ಕೈಗೆ ಕೊಟ್ಟರು. ಅವನು ಅದರೊಳಗೆ ಹೈಡ್ರೋಜನ್ ಸಲ್ಫೈಡ್ ಅನಿಲ ಹಾಯಿಸಿದ. ತಳದಲ್ಲಿ ಹಳದಿ ಗಸಿ ಕೂತಿತು. ಪಾಷಾಣದಲ್ಲಿರುವ ಆರ್ಸೆನಿಕ್ ಇದೆ ಎಂದೇ ಅರ್ಥ. ಆದರೆ ವಿಚಾರಣೆಯ ಹೊತ್ತಿಗೆ ಆ ಹಳದಿ ಕೆಟ್ಟುಹೋಗಿತ್ತು. ಜ್ಯೂರಿಯವರು ನಂಬಲಿಲ್ಲ. ಮೊಮ್ಮಗ ಆರಾಮಾಗಿ ಮನೆಗೆ ಹೋದ. ವರ್ಷಗಳಾದ ಮೇಲೆ, ಹೌದು ನಾನೇ ಹಾಕಿದ್ದು ಎಂದು ಒಪ್ಪಿಕೊಂಡ.

ಆ ಕಾಲಕ್ಕೆ ಪಾಷಾಣ ಸಿಗುವುದು ಕಷ್ಟವಿರಲಿಲ್ಲ. ಇಲಿ ಕೊಲ್ಲಲು ಅಂದರೆ ಸಾಕು, ಕೊಡುತ್ತಿದ್ದರು. ಬಿಳಿ ಪುಡಿ, ವಾಸನೆ ಇಲ್ಲ, ರುಚಿ ಇಲ್ಲ ಅಂದರೂ ನಡೆಯುತ್ತೆ. ಸತ್ತವರನ್ನು ನೋಡಿದರೆ ಕಾಲರಾ ಬಂದ ಹಾಗೇ ಕಾಣುತ್ತಿತ್ತು. ಫ್ರಾನ್ಸಿನಲ್ಲಿ ಇದಕ್ಕೆ ‘ವಾರಸುದಾರರ ಪುಡಿ’ ಎಂಬ ಅಡ್ಡಹೆಸರೇ ಇತ್ತು.

ಸೋತದ್ದು ಮಾರ್ಷ್‌ನನ್ನು ಕೊರೆಯುತ್ತಲೇ ಇತ್ತು. 1836ರಲ್ಲಿ ಅವನು ಹೊಸ ಪರೀಕ್ಷೆಯೊಂದನ್ನು ಪ್ರಕಟಿಸಿದ. ಗಾಜಿನ ಪಾತ್ರೆಯಲ್ಲಿ ಸತುವಿನ ಚೂರು, ಆಸಿಡ್, ಜೊತೆಗೆ ಸ್ಯಾಂಪಲ್. ಬುರುಬುರು ಎಂದು ಅನಿಲ ಏಳುತ್ತದೆ. ಸ್ಯಾಂಪಲ್ಲಿನಲ್ಲಿ ಆರ್ಸೆನಿಕ್ ಇದ್ದರೆ ಅದೂ ಅನಿಲವಾಗಿ ಜೊತೆಗೆ ಬರುತ್ತದೆ. ಸಣ್ಣ ಕೊಳವೆಯ ತುದಿಯಲ್ಲಿ ಅದಕ್ಕೆ ಬೆಂಕಿ ಕೊಟ್ಟು, ಜ್ವಾಲೆಗೆ ತಣ್ಣಗಿನ ಪಿಂಗಾಣಿ ತಟ್ಟೆ ಹಿಡಿದರೆ ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆ. 0.02 ಮಿಲಿಗ್ರಾಂ ಇದ್ದರೂ ಸಿಕ್ಕಿಬೀಳುತ್ತಿತ್ತು. ಆಂಟಿಮನಿ ಎಂಬ ಇನ್ನೊಂದು ಧಾತು ಕೂಡ ಇಂಥದ್ದೇ ಕಲೆ ಬಿಡುತ್ತದೆ, ಅದೊಂದು ತಲೆನೋವು. ಆದರೆ ಬಟ್ಟೆಗೆ ಹಾಕುವ ಬ್ಲೀಚಿನಂಥ ದ್ರಾವಣ ಸುರಿದರೆ ಆರ್ಸೆನಿಕ್ ಕಲೆ ಕರಗುತ್ತದೆ, ಆಂಟಿಮನಿಯದು ಉಳಿಯುತ್ತದೆ. ತಟ್ಟೆಯನ್ನು ಕೋರ್ಟಿಗೆ ಒಯ್ದು ಎಲ್ಲರಿಗೂ ತೋರಿಸಬಹುದಿತ್ತು. ಮಾರ್ಷ್‌ಗೆ ಬೇಕಾಗಿದ್ದದ್ದೂ ಅದೇ ಅಲ್ವಾ?

ಕಲೆ ಸಿಕ್ಕಿದ ಮೇಲೆ ಜಗಳ ಮುಗಿಯಬೇಕಿತ್ತು. ನಿಜಕ್ಕೂ ಶುರುವಾದದ್ದೇ ಆಗ.

1840ರಲ್ಲಿ ಫ್ರಾನ್ಸಿನ ಮರೀ ಲಫಾರ್ಜ್ ಎಂಬ ಹೆಂಗಸಿನ ಮೇಲೆ ಗಂಡನನ್ನು ಕೊಂದ ಆರೋಪ ಬಂತು. ಒಂದು ತಂಡ ಹೆಣದಲ್ಲಿ ಆರ್ಸೆನಿಕ್ ಇದೆ ಎಂದಿತು, ಇನ್ನೊಂದು ಇಲ್ಲ ಎಂದಿತು. ಕೊನೆಗೆ ಪ್ಯಾರಿಸ್‌ನಿಂದ ಮತೆಯು ಒರ್ಫಿಲನನ್ನು ಕರೆಸಿದರು. 1814ರಲ್ಲೇ ವಿಷಗಳ ಬಗ್ಗೆ ದೊಡ್ಡ ಗ್ರಂಥ ಬರೆದವನು, ವಿಷವಿಜ್ಞಾನಕ್ಕೆ ಅಡಿಪಾಯ ಹಾಕಿದವನು. ಅವನಿಗೆ ಆರ್ಸೆನಿಕ್ ಸಿಕ್ಕಿತು, ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ಅವಳ ಪರವಾಗಿ ಬರಬೇಕಿದ್ದ ತಜ್ಞ ರಸ್ಪೇ, ಬೇಕಾದರೆ ನ್ಯಾಯಾಧೀಶರ ಕುರ್ಚಿಯಲ್ಲೂ ಆರ್ಸೆನಿಕ್ ತೆಗೆದು ತೋರಿಸುತ್ತೇನೆ ಎಂದಿದ್ದನಂತೆ. ಮಾತು ಕೊಂಕಾಗಿದ್ದರೂ ಪ್ರಶ್ನೆ ಸರಿಯಾಗಿಯೇ ಇತ್ತು. ಪರೀಕ್ಷೆಗೆ ಬಳಸುವ ಸತುವಿನಲ್ಲೇ ಆರ್ಸೆನಿಕ್ ಇರಬಹುದು. ಹೂತ ಮಣ್ಣಿನಿಂದ ಹೆಣದೊಳಗೆ ಇಳಿದಿರಬಹುದು. ಅದಕ್ಕೇ ಒರ್ಫಿಲ ಸ್ಮಶಾನದ ಮಣ್ಣನ್ನೂ, ತಾನು ಬಳಸುವ ರಾಸಾಯನಿಕಗಳನ್ನೂ ಬೇರೆಯಾಗಿ ಪರೀಕ್ಷಿಸುತ್ತಿದ್ದ. ನೋಡುವವರಿಗೆ ಬೇಜಾರಿನ ಕೆಲಸ. ನನ್ನ ಮಟ್ಟಿಗೆ ಆ ಕಪ್ಪು ಕಲೆಗಿಂತ ಇದೇ ದೊಡ್ಡದು.

ಆರ್ಸೆನಿಕ್ ಲೋಹದ ಜಾತಿಯದ್ದು, ಹೆಣ ಕೊಳೆತರೂ ಅದು ಎಲ್ಲೂ ಹೋಗುವುದಿಲ್ಲ. ಗಿಡದಿಂದ ಬರುವ ವಿಷ ಹಾಗಲ್ಲ, ಮಾಂಸದ ಜೊತೆ ಕಲಸಿಹೋಗುತ್ತದೆ. 1850ರಲ್ಲಿ ಬೆಲ್ಜಿಯಂನಲ್ಲಿ ಒಬ್ಬ ಶ್ರೀಮಂತ ಹೊಗೆಸೊಪ್ಪಿನಿಂದ ನಿಕೋಟಿನ್ ಇಳಿಸಿ ಹೆಂಡತಿಯ ಸಹೋದರನನ್ನು ಕೊಂದಾಗ ಈ ಗಂಟು ಬಿಡಿಸಿದವನು ರಸಾಯನಶಾಸ್ತ್ರಜ್ಞ ಜಾನ್ ಸ್ಟಾಸ್. ಆಲ್ಕೋಹಾಲ್, ಈಥರ್ ಬಳಸಿ ಅಂಗಾಂಶದಿಂದ ನಿಕೋಟಿನ್ ಹೊರತೆಗೆದ. ಮುಂದೆ ಲ್ಯಾಬ್‌ಗಳು ದಶಕಗಳ ಕಾಲ ನಡೆದದ್ದು ಅದೇ ದಾರಿಯಲ್ಲಿ.

ಇಷ್ಟೆಲ್ಲ ‘ಇದೆಯಾ?’ ಎಂಬ ಪ್ರಶ್ನೆಯ ಕತೆ. ‘ಎಷ್ಟಿದೆ?’ ಎಂಬುದು ಇನ್ನೂ ಹಳೆಯದು. ಅತಿಯಾದರೆ ಅಮೃತವೂ ವಿಷ ಎನ್ನುತ್ತೇವಲ್ಲ, 16ನೇ ಶತಮಾನದಲ್ಲಿ ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್ ಬರೆದಿಟ್ಟದ್ದೂ ಹೆಚ್ಚುಕಡಿಮೆ ಅದನ್ನೇ. ಆದರೆ ಅದನ್ನು ಲೆಕ್ಕಕ್ಕೆ ಇಳಿಸಲು 1927 ಬರಬೇಕಾಯಿತು. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ಯಾವುದು ಎಂಬ ಅಳತೆ ಬಂದದ್ದು ಆಗ. ಕ್ರೂರ ಅಳತೆ. ಪ್ರಾಣಿಗಳ ಬದಲು ಬೇರೆ ದಾರಿ ಹುಡುಕಿ, ಸಂಖ್ಯೆ ಇಳಿಸಿ, ನೋವು ಕಡಿಮೆ ಮಾಡಿ ಎಂದು ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು 1959ರಲ್ಲಿ ಹೇಳಿದರು. ಇವತ್ತಿಗೂ ಆ ಕೆಲಸ ಮುಗಿದಿಲ್ಲ.

ಹಾಗಂತ ಪರೀಕ್ಷೆಯೇ ಬೇಡ ಎಂದರೆ ಏನಾಗುತ್ತದೆ ಎಂದು 1937ರಲ್ಲಿ ಅಮೆರಿಕ ನೋಡಿತು. ಸೋಂಕಿಗೆ ಕೊಡುವ ಸಲ್ಫಾ ಔಷಧಿಯನ್ನು ಮಕ್ಕಳೂ ಕುಡಿಯುವ ಹಾಗೆ ಸಿರಪ್ ಮಾಡಿದರು. ಕರಗಿಸಿದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ. ರುಚಿ ನೋಡಿದರು, ವಾಸನೆ ನೋಡಿದರು, ಬಣ್ಣ ನೋಡಿದರು. ವಿಷವಾ ಎಂದು ಮಾತ್ರ ಯಾರೂ ನೋಡಲಿಲ್ಲ. ಕಿಡ್ನಿ ಕೆಟ್ಟು ನೂರಕ್ಕೂ ಜಾಸ್ತಿ ಜನ ಸತ್ತರು. ಆಗಿನ ಕಾನೂನಿನಲ್ಲಿ ಸಿರಪ್ ಮುಟ್ಟುಗೋಲು ಹಾಕಲು ಸಿಕ್ಕ ಕಾರಣವೂ ವಿಚಿತ್ರ: ಹೆಸರಿನಲ್ಲಿ ‘ಎಲಿಕ್ಸಿರ್’ ಎಂದಿದೆ, ಒಳಗೆ ಆಲ್ಕೋಹಾಲೇ ಇಲ್ಲ! ಮಾರುವ ಮೊದಲು ಸುರಕ್ಷಿತವೆಂದು ತೋರಿಸಬೇಕು ಎಂಬ ನಿಯಮ ಬಂದದ್ದು ಮರುವರ್ಷ, 1938ರಲ್ಲಿ. ಆಮೇಲೆ ಥಾಲಿಡೊಮೈಡ್. 1957ರಿಂದ 1961ರವರೆಗೆ ಜರ್ಮನಿಯಲ್ಲಿ ಮಾರಾಟವಾದ ನಿದ್ದೆ ಮಾತ್ರೆ. ಬಸುರಿಯರಿಗೂ ಕೊಟ್ಟರು. ಹಲವು ದೇಶಗಳಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಅಂಗವಿಕಲರಾಗಿ ಹುಟ್ಟಿದರು. ಇಲಿಗಳಲ್ಲಿ ಈ ತೊಂದರೆ ಸುಲಭಕ್ಕೆ ಕಾಣುವುದಿಲ್ಲ, ಮೊಲಗಳಲ್ಲಿ ಕಾಣುತ್ತದೆ. ಯಾವ ಪ್ರಾಣಿಯನ್ನು ಕೇಳುತ್ತೀರಿ ಎಂಬುದರ ಮೇಲೂ ಉತ್ತರ ನಿಂತಿದೆ.

ಆಸ್ಪತ್ರೆಯಲ್ಲಿ ‘ಎಷ್ಟು’ ಜೊತೆ ‘ಯಾವಾಗ’ ಕೂಡ ಸೇರುತ್ತದೆ. ಪ್ಯಾರಸಿಟಮಾಲ್ ವಿಪರೀತ ನುಂಗಿದವರು ಮೊದಲ ದಿನ ಸುಮ್ನೆ ಕೂತು ಮಾತಾಡುತ್ತಿರುತ್ತಾರೆ. ಒಳಗೆ ಲಿವರ್ ಸೋಲುತ್ತಿರುತ್ತದೆ. ಮಾತ್ರೆಯ ಸ್ವಲ್ಪ ಭಾಗ ವಿಷವಾಗುತ್ತದೆ, ಅದನ್ನು ತಟಸ್ಥ ಮಾಡುವ ಗ್ಲುಟಾಥಯೋನ್ ಖಾಲಿಯಾದರೆ ಲಿವರ್ ಕೋಶಗಳು ಸಾಯುತ್ತವೆ. ನುಂಗಿ ನಾಲ್ಕು ಗಂಟೆಯಾದ ಮೇಲೆ ರಕ್ತ ತೆಗೆದು ಪ್ರಮಾಣ ನೋಡಿ, ಬೇಕಾದವರಿಗೆ ಎಂಟು ಗಂಟೆಯೊಳಗೆ ಪ್ರತಿವಿಷ ಕೊಟ್ಟರೆ ಬಹುಪಾಲು ಲಿವರ್ ಉಳಿಯುತ್ತದೆ.

ಸತ್ತವರ ವಿಷಯದಲ್ಲಿ ಗಡಿಯಾರ ಇನ್ನೂ ಕಗ್ಗಂಟು. ಉಸಿರು ನಿಂತ ಮೇಲೂ ಲಿವರ್, ಶ್ವಾಸಕೋಶಗಳಲ್ಲಿದ್ದ ಔಷಧಿ ಅಕ್ಕಪಕ್ಕದ ರಕ್ತಕ್ಕೆ ಸೋರುತ್ತಿರುತ್ತದೆ. ಹೃದಯದ ರಕ್ತ ತೆಗೆದರೆ, ಮಾಮೂಲಿ ಡೋಸ್ ತೆಗೆದುಕೊಂಡವರೂ ವಿಷ ಕುಡಿದವರ ಹಾಗೆ ಕಾಣಬಹುದು. ಅದಕ್ಕೇ ವಿಧಿವಿಜ್ಞಾನದವರು ತೊಡೆಯ ರಕ್ತನಾಳದ ರಕ್ತ ಕೇಳುತ್ತಾರೆ.

ಯಂತ್ರ ಒಳ್ಳೆಯದಿದ್ದರೆ ಸಾಕಾ? 1989ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಒಂದು ಹಸುಗೂಸಿನ ರಕ್ತದಲ್ಲಿ ಎಥಿಲೀನ್ ಗ್ಲೈಕಾಲ್ ಎಂಬ ವಿಷ ಇದೆ ಎಂದು ಲ್ಯಾಬ್ ವರದಿ ಬಂತು. ಮಗು ಸತ್ತಿತು, ತಾಯಿಯನ್ನು ಬಂಧಿಸಿದರು, ಜೀವಾವಧಿ ಶಿಕ್ಷೆಯೂ ಆಯಿತು. ಬಂಧನದಲ್ಲಿದ್ದಾಗಲೇ ಆಕೆಗೆ ಇನ್ನೊಂದು ಮಗು ಹುಟ್ಟಿತು. ಅದಕ್ಕೆ ಮಿಥೈಲ್‌ಮಲೋನಿಕ್ ಅಸಿಡೀಮಿಯಾ ಎಂಬ ಅಪರೂಪದ ಹುಟ್ಟುಕಾಯಿಲೆ ಇರುವುದು ಗೊತ್ತಾಯಿತು. ಈ ಕಾಯಿಲೆಯಲ್ಲಿ ದೇಹವೇ ಪ್ರೊಪಿಯಾನಿಕ್ ಆಸಿಡ್ ಕೂಡಿಸಿಕೊಳ್ಳುತ್ತದೆ. ಹಳೆಯ ಸ್ಯಾಂಪಲ್ಲನ್ನು ಮತ್ತೆ ನೋಡಿದರೆ, ಯಂತ್ರದ ಗ್ರಾಫಿನಲ್ಲಿ ಎದ್ದಿದ್ದ ಏರು ಆ ಪ್ರೊಪಿಯಾನಿಕ್ ಆಸಿಡ್‌ನದ್ದೇ. ಗ್ಲೈಕಾಲ್ ಬರುವ ಜಾಗದ ಹತ್ತಿರವೇ ಎದ್ದಿದ್ದರಿಂದ ಹಾಗೆ ಓದಿಬಿಟ್ಟಿದ್ದರು. 1991ರಲ್ಲಿ ತಾಯಿ ಹೊರಬಂದಳು.

ಪಾಷಾಣದ ಕತೆಯೂ ಮುಗಿದಿಲ್ಲ. ಅದೇ ಬಿಳಿ ಪುಡಿಯ ಶುದ್ಧ ರೂಪ ಇವತ್ತು ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಔಷಧಿ. ಅಮೆರಿಕದಲ್ಲಿ 2000ದಲ್ಲಿ ಒಪ್ಪಿಗೆ ಸಿಕ್ಕಿತು. ಕೆಜಿಗೆ 0.15 ಮಿಲಿಗ್ರಾಂ ಲೆಕ್ಕದಲ್ಲಿ, 60 ಕೆಜಿ ತೂಕದವರಿಗೆ ದಿನಕ್ಕೆ 9 ಮಿಲಿಗ್ರಾಂ, ಡ್ರಿಪ್‌ನಲ್ಲಿ. ಹೃದಯದ ಲಯ ತಪ್ಪದಂತೆ ಆಗಾಗ ಇಸಿಜಿ ತೆಗೆಯುತ್ತಿರುತ್ತಾರೆ. ಚೇತರಿಸಿಕೊಳ್ಳುತ್ತಿರುವ ಆ ರೋಗಿಯ ಮೂತ್ರವನ್ನು ಮಾರ್ಷ್‌ನ ಗಾಜಿನ ಪಾತ್ರೆಗೆ ಹಾಕಿ ಬೆಂಕಿ ಕೊಟ್ಟರೆ, ಪಿಂಗಾಣಿ ತಟ್ಟೆಯ ಮೇಲೆ ಅದೇ ಹೊಳೆಯುವ ಕಪ್ಪು ಕಲೆ ಬೀಳುತ್ತದೆ.