ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ಮತ್ಯಾಕೆ ಜೀನ್ ಟೆಸ್ಟ್?

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ. ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಈಗೀಗ ಕತ್ತಲಾದರೆ ತಡವರಿಸುತ್ತಾಳೆ. ಕಣ್ಣಿನ ಡಾಕ್ಟರು ಜೀನ್ ಟೆಸ್ಟ್ ಮಾಡಿಸಿ ಅಂದರು. ನನ್ನ ತವರಿನಲ್ಲಾಗಲಿ, ಅತ್ತೆ ಮನೆಯಲ್ಲಾಗಲಿ ಯಾರಿಗೂ ಹೀಗಿಲ್ಲ. ಇದು ವಂಶದಿಂದ ಬಂದದ್ದು ಹೇಗಾಗುತ್ತದೆ?

ಉತ್ತರ: ಇಂಥ ಕಾಯಿಲೆಯಲ್ಲಿ ಹಿಂದೆ ಯಾರಿಗೂ ಇಲ್ಲದಿರುವುದೇ ಮಾಮೂಲು. ನಿಮ್ಮ ಡಾಕ್ಟರ ಮನಸ್ಸಿನಲ್ಲಿರುವುದು ಬಹುಶಃ ಅಷರ್ ಸಿಂಡ್ರೋಮ್, ಅಂದರೆ ಕಿವುಡಿನ ಜೊತೆಗೆ ದೃಷ್ಟಿಯೂ ನಿಧಾನವಾಗಿ ಕುಂದುವ, ಜೀನ್ ದೋಷದಿಂದ ಬರುವ ಕಾಯಿಲೆ. ಪ್ರತಿ ಜೀನ್ ನಮ್ಮಲ್ಲಿ ಜೋಡಿಯಾಗಿರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ತೂಗಿಸಿಕೊಂಡು ಹೋಗುತ್ತದೆ. ಹಾಗಾಗಿ ಕೆಟ್ಟ ಜೀನ್ ಎಷ್ಟೋ ತಲೆಮಾರು ಸದ್ದಿಲ್ಲದೆ ಸಾಗಿ ಬರುತ್ತದೆ. ಎರಡೂ ಕಡೆಯಿಂದ ಕೆಟ್ಟದ್ದೇ ಬಂದ ಮಗುವಿನಲ್ಲಿ ಮಾತ್ರ ಕಾಯಿಲೆ ಕಾಣುತ್ತದೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ಮದುವೆಯಾಗುವ ರೂಢಿ ನಮ್ಮಲ್ಲಿದೆಯಲ್ಲ, ಅಲ್ಲಿ ಈ ಸಾಧ್ಯತೆ ಜಾಸ್ತಿ. ಹೊರಗಿನಿಂದ ಹೆಣ್ಣು ತಂದ ಮನೆಗಳಲ್ಲೂ ಆಗುತ್ತದೆ, ಅದಕ್ಕೆ ಸುಮ್ನೆ ಯಾರನ್ನೂ ದೂರಬೇಡಿ.

ಇರುಳುಗಣ್ಣು ಅಂದ ಕೂಡಲೇ ಕ್ಯಾರೆಟ್ ತಿನ್ನಿಸಿ ಅನ್ನುವವರು ಸಿಗುತ್ತಾರೆ. ವಿಟಮಿನ್ ಎ ಕೊರತೆಯಾದರೆ ಸರಿ. ಅಷರ್‌ನಲ್ಲಿ ಕಣ್ಣಿನ ಹಿಂಪರದೆಯ ಕೋಶಗಳೇ ನಿಧಾನವಾಗಿ ಸಾಯುತ್ತವೆ. ಕ್ಯಾರೆಟ್ ಏನು ಮಾಡೀತು?

ಟೆಸ್ಟ್‌ಗೆ ಬೇಕಾಗುವುದು ಸ್ವಲ್ಪ ರಕ್ತ. ಅಷರ್ ತರುವ ಜೀನ್‌ಗಳು ಹಲವು, ಎಲ್ಲವನ್ನೂ ಒಟ್ಟಿಗೇ ಓದುತ್ತಾರೆ. ನಿಮ್ಮಿಬ್ಬರ ರಕ್ತವನ್ನೂ ಕೇಳಬಹುದು, ಕೊಡಿ. ಮಗಳ ಒಂದೇ ಜೀನ್‌ನಲ್ಲಿ ಎರಡು ದೋಷ ಸಿಕ್ಕಿತು ಅನ್ನಿ. ಎರಡೂ ಒಬ್ಬರಿಂದಲೇ ಬಂದಿದ್ದರೆ ಇನ್ನೊಂದು ಪ್ರತಿ ಚೆನ್ನಾಗಿದೆ ಎಂದರ್ಥ. ಆಗ ಕಾರಣ ಬೇರೆಡೆ ಹುಡುಕಬೇಕು. ಕೆಲವು ವರದಿಗಳಲ್ಲಿ ‘ಬದಲಾವಣೆ ಇದೆ, ಅರ್ಥ ಸ್ಪಷ್ಟವಿಲ್ಲ’ ಎಂದಿರುತ್ತದೆ. ಅದನ್ನು ಹೌದು ಅಂತಲೂ ಅಲ್ಲ ಅಂತಲೂ ಓದಬೇಡಿ. ಏನೂ ಸಿಗದಿದ್ದರೂ ಕಾಯಿಲೆ ಇಲ್ಲ ಅಂತಲ್ಲ. ಒಂದೆರಡು ವರ್ಷ ಬಿಟ್ಟು ಅದೇ ಮಾಹಿತಿಯನ್ನು ಮತ್ತೆ ನೋಡಿಸಬಹುದು.

ಕಣ್ಣಿನ ಈ ಸವೆತವನ್ನು ಪೂರ್ತಿ ನಿಲ್ಲಿಸುವ ಮದ್ದು ಸದ್ಯಕ್ಕಿಲ್ಲ. ಆದರೆ ಉತ್ತರ ಸಿಕ್ಕರೆ ಓದಿನ ದಾರಿ ಬದಲಾಗುತ್ತದೆ. ತುಟಿ ನೋಡಿ, ಕೈಸನ್ನೆ ನೋಡಿ ಕಲಿಯುವ ಮಗುವಿಗೆ ಕಣ್ಣೇ ಕಿವಿ, ಅಲ್ವಾ? ಇನ್ನೊಂದು ಮಗುವಿನ ಯೋಚನೆಯಿದ್ದರೆ ಪ್ರತಿ ಬಸಿರಿನಲ್ಲೂ 4ರಲ್ಲಿ 1ರಷ್ಟು ಸಾಧ್ಯತೆ. ಒಂದಕ್ಕೆ ಬಂತು, ಮುಂದಿನ ಮೂರಕ್ಕೆ ಬರಲ್ಲ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅಂದಹಾಗೆ, ಮಗಳು ನಡೆಯಲು ಕಲಿತದ್ದು ಒಂದೂವರೆ ವರ್ಷ ದಾಟಿದ ಮೇಲಾ? ಹಾಗಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ. ಅಷರ್‌ನ ಮೊದಲ ಬಗೆಯಲ್ಲಿ ಒಳಗಿವಿಯ ಸಮತೋಲನವೂ ಕೆಡುತ್ತದೆ.